ಎಲ್ಲಾ ಸೇರಿದ ಮನೆ

ಕಾಜದಕ್ಕ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಹೊಲಿಗೆ ಅಂಗಡಿಯಲ್ಲಿ ಅಂಗಿಗಳಿಗೆ ಕಾಜ ತೆಗೆದು ಗುಂಡಿ ಹಚ್ಚುವುದು ಅವಳ ಕೆಲಸ. ಅಂಗಿ ಹರಿದರೂ ಅವಳ ಕೈಯ ಕಾಜ ಬಿಚ್ಚುವುದಿಲ್ಲ ಎಂದು ಅಂಗಡಿಯವನು ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಾನೆ; ಸಂಬಳದ ಮಾತೆತ್ತಿದರೆ ಮಾತ್ರ ಅವನಿಗೆ ಕಿವಿ ಮಂದವಾಗುತ್ತದೆ.

ಅವಳು ಮದುವೆಯಾಗಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಅಣ್ಣನ ಮನೆಯೇ ಮನೆಯಾಯಿತು. ಅಣ್ಣ ಕೆಟ್ಟವನಲ್ಲ, ತಂಗಿಗೆ ಜ್ವರ ಬಂದರೆ ತಾನೇ ಊಟ ಬಿಡುವ ಆಸಾಮಿ. ಆದರೆ ಮನೆ ಇದ್ದದ್ದು ಊರಾಚೆ, ಬಸ್ಸು ಕಾಲಿಡದ ಬಡಾವಣೆಯಲ್ಲಿ. ಬೆಳಿಗ್ಗೆ ಅವನ ಕಾರಿನಲ್ಲೇ ಬರಬೇಕು, ಸಂಜೆ ಅವನು ಬರುವ ತನಕ ಅಂಗಡಿಯ ಮೆಟ್ಟಿಲ ಮೇಲೆ ಕಾಯಬೇಕು. ಒಂದು ಉಂಡೆ ದಾರ ಬೇಕಾದರೂ "ಅಣ್ಣಾ, ಆ ಕಡೆ ಹೋಗ್ತೀಯಾ" ಎಂದು ರಾಗ ಎಳೆಯಬೇಕು. ಮನೆಯಲ್ಲಿ ದೀಪ ಹಾಕಿದರೆ ಅವನದೊಂದೇ ಮಂತ್ರ: "ಲೈಟ್ ಆರಿಸು. ಬಿಲ್ಲು ನಿಮ್ಮಪ್ಪ ಕಟ್ತಾನಾ?" ಅವಳ ಅಪ್ಪನೇ ತನ್ನ ಅಪ್ಪ ಎಂಬುದು ಅವನಿಗೆ ಎಂದೂ ಹೊಳೆಯಲಿಲ್ಲ.

ಯಾರಾದರೂ ಊಟಕ್ಕೆ ಕರೆದರೆ ಅಣ್ಣ ಹೆಂಡತಿ ಮಕ್ಕಳನ್ನು ಎಣಿಸಿ ಫೋನಿನಲ್ಲಿ ಹೇಳುವುದು ಹೀಗೆ: "ನಾವು ನಾಲ್ಕು ಜನ. ತಂಗೀನೂ ಸೇರಿ ಐದು." ಆ 'ಸೇರಿ' ಅವಳಿಗೆ ಚುಚ್ಚುತ್ತಿತ್ತು. ಅವಳನ್ನು ಯಾರೂ ಬಿಟ್ಟು ಹೋದದ್ದಿಲ್ಲ, ನಿಜ. ಮೊದಲೇ ಎಣಿಸಿದ್ದೂ ಇಲ್ಲ.

ಐವತ್ತು ದಾಟಿದ ಮೇಲೆ ಒಂದು ದಿನ, ನಿವೃತ್ತಳಾದ ಒಬ್ಬ ನರ್ಸಮ್ಮ ರವಿಕೆ ಸರಿಪಡಿಸಿಕೊಳ್ಳಲು ಅಂಗಡಿಗೆ ಬಂದವಳು, ತನ್ನ ಮಹಡಿ ಮನೆ ಖಾಲಿ ಬಿದ್ದಿದೆ ಎಂದಳು. ಅಂಗಡಿಯಿಂದ ಎರಡೇ ಬೀದಿ. "ನೀರು, ಕರೆಂಟು, ಗ್ಯಾಸು ಎಲ್ಲಾ ಬಾಡಿಗೇಲೇ ಸೇರಿದೆ." ಕಾಜದಕ್ಕನ ಸೂಜಿ ಅಲ್ಲೇ ನಿಂತಿತು. ಇಷ್ಟು ವರ್ಷ ತಾನು ಇನ್ನೊಬ್ಬರ ಲೆಕ್ಕಕ್ಕೆ ಸೇರಿಕೊಂಡದ್ದಾಯಿತು. ಇನ್ನು ಇವೆಲ್ಲ ತನ್ನ ಲೆಕ್ಕಕ್ಕೆ ಸೇರಲಿ ಎಂದುಕೊಂಡಳು.

ಅಣ್ಣ ಕೂಗಾಡಲಿಲ್ಲ. "ಒಂದು ತಿಂಗಳು ನೋಡ್ತೀನಿ. ಆಗಲ್ಲ ಅಂತ ಕಂಡ್ರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ" ಎಂದ. ಅವಳಿಗೆ ಭಯವಿದ್ದದ್ದು ತನ್ನ ಬಗ್ಗೆಯೇ. ಚಿಕ್ಕಂದಿನಿಂದ ಅವನು "ನಡಿ" ಎಂದರೆ ಸಾಕು, ಮರುಮಾತಿಲ್ಲದೆ ಚಪ್ಪಲಿ ಮೆಟ್ಟಿದವಳು. ಈ ಸಲವೂ ಹಾಗೇ ಹೊರಟುಬಿಟ್ಟರೆ?

ಮನೆ ಅಂಗೈಯಗಲ. ಒಂದು ಕೋಣೆ, ಅಡುಗೆಗೊಂದು ಮೂಲೆ, ಬೀದಿಗೆ ತೆರೆಯುವ ಕಿಟಕಿ. ಮೆಟ್ಟಿಲಿಳಿದರೆ ತರಕಾರಿ ಅಂಗಡಿ, ತಿರುವಿನಲ್ಲಿ ದಾರ ಗುಂಡಿ ಸಿಗುವ ಅಂಗಡಿ, ಅದರಾಚೆ ಲೈಬ್ರರಿ. ಮೊದಲ ವಾರವೆಲ್ಲ ಅವಳು ಬೇಕೆಂದೇ ಒಂದೊಂದು ಸಾಮಾನಿಗೂ ಬೇರೆ ಬೇರೆಯಾಗಿ ಹೋದಳು. ಈರುಳ್ಳಿಗೊಂದು ಸಲ, ನಿಂಬೆಹಣ್ಣಿಗೊಂದು ಸಲ.

"ಏನಕ್ಕ, ಮರೆವು ಜಾಸ್ತಿ ಆಯ್ತಾ?" ಎಂದು ತರಕಾರಿಯವನು ರೇಗಿಸಿದ.

"ಮರೆವೂ ನಂದೇ, ಕಾಲೂ ನಂದೇ. ನಿಂಗೇನಪ್ಪಾ ನೋವು?" ಎಂದಳು ಕಾಜದಕ್ಕ. ಯಾರನ್ನೂ ಕೇಳದೆ ಹೋಗಿಬರುವ ಸುಖಕ್ಕೆ ಅವಳ ಎದೆ ತುಂಬಿ ಬರುತ್ತಿತ್ತು.

ತಿಂಗಳು ತುಂಬಿದ ಭಾನುವಾರ, ಬೆಳಕು ಇಳಿಯುವ ಹೊತ್ತಿಗೆ ಅಣ್ಣ ಬಂದ. ಕೆಳಗೆ ನರ್ಸಮ್ಮ ಎದುರಾದಳು. "ನಿಮ್ಮ ತಂಗಿ ಬಂಗಾರದಂಥವರು. ಸಂಜೆ ಮಾತ್ರ ಮನೇಲಿ ಇರೋದೇ ಇಲ್ಲ ನೋಡಿ. ಕಿಟಕಿ ಯಾವಾಗಲೂ ಕತ್ತಲೆ" ಎಂದಳು. ಅಣ್ಣ ಮುಖ ಗಂಟಿಕ್ಕಿಕೊಂಡೇ ಮಹಡಿ ಹತ್ತಿದ.

"ಸಂಜೆ ಹೊತ್ತು ಎಲ್ಲಿಗೆ ಹೋಗ್ತೀಯ?"

"ಎಲ್ಲಿಗೂ ಇಲ್ಲಣ್ಣ. ಇಲ್ಲೇ ಕೂತಿರ್ತೀನಿ."

"ಮತ್ತೆ ಲೈಟ್ ಯಾಕಿರಲ್ಲ?"

ಕಾಜದಕ್ಕ ಸುತ್ತ ನೋಡಿದಳು. ಈಗಲೂ ಕೋಣೆ ಮಬ್ಬಾಗಿತ್ತು. ತಿಂಗಳಿಡೀ ತಾನು ಕತ್ತಲಲ್ಲೇ ಕೂತಿದ್ದೇನೆಂಬುದು ಅವಳಿಗೆ ಆಗಲೇ ತಿಳಿದದ್ದು. ಅವಳಿಗೇ ನಗು ಬಂತು.

"ಆರಿಸಿ ಕೂತು ಅಭ್ಯಾಸ ಅಲ್ವಾ ಅಣ್ಣ."

"ಇಲ್ಲಿ ಕರೆಂಟು ಬಾಡಿಗೇಲೇ ಸೇರಿದೆ ಅಂತ ನೀನೇ ಅಂದಿದ್ದೆ."

"ಸೇರಿದೆ. ನನ್ನ ಕೈಗೆ ಇನ್ನೂ ಗೊತ್ತಾಗಿಲ್ಲ."

ಆ ಕೈಗೆ ಪಾಠ ಹೇಳಿದವರು ಯಾರೆಂದು ಅಣ್ಣನಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವನ ಮುಖ ಸಪ್ಪಗಾಯಿತು. "ಕತ್ತಲಲ್ಲಿ ಒಬ್ಬಳೇ ಕೂರೋಕೆ ಇಷ್ಟು ದೂರ ಬರಬೇಕಿತ್ತಾ? ನಡಿ, ಮನೆಗೆ ಹೋಗೋಣ" ಎಂದ.

'ನಡಿ' ಎಂದದ್ದೇ ತಡ, ಅವಳ ಕಾಲು ತಾನಾಗಿ ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿತ್ತು. ಅವಳು ತನ್ನ ಪಾದಗಳನ್ನೇ ಒಂದು ಗಳಿಗೆ ನೋಡಿದಳು. ಬಾಗಿಲ ಪಕ್ಕದಲ್ಲೇ ಸ್ವಿಚ್ಚುಗಳಿದ್ದವು. ಕೋಣೆಯದು, ಅಡುಗೆ ಮೂಲೆಯದು, ಬಚ್ಚಲಿನದು, ಒಂದನ್ನೂ ಬಿಡದೆ ಹಾಕಿದಳು.

"ಮನೇಲೇ ಇದೀನಲ್ಲಣ್ಣ. ನೀನು ಕೂತ್ಕೋ, ಕೆಳಗೆ ಹೋಗಿ ತರಕಾರಿ ತರ್ತೀನಿ. ಊಟ ಮಾಡ್ಕೊಂಡು ಹೋಗುವೆಯಂತೆ."

"ಕಾರಲ್ಲಿ ಕರ್ಕೊಂಡು ಹೋಗ್ತೀನಿ ಇರು."

"ಬೇಡ. ನಡೆದ್ರೆ ಆಯ್ತು."

ತರಕಾರಿಯವನು ಎಂದಿನಂತೆ ಒಂದೇ ಒಂದು ಬದನೆಕಾಯಿ ತಕ್ಕಡಿಗೆ ಹಾಕಿ ನಕ್ಕ. "ಇವತ್ತೂ ಒಬ್ಬರಿಗೇನಾ ಅಕ್ಕ?"

"ಇಲ್ಲಪ್ಪ. ಅಣ್ಣನೂ ಸೇರಿ ಇಬ್ಬರಿಗೆ" ಎಂದಳು. ಹೇಳಿದ ಮೇಲೆ ಆ 'ಸೇರಿ' ಅವಳ ಕಿವಿಗೇ ಬಿತ್ತು. ಅವಳು ಬೆನ್ನು ನೆಟ್ಟಗೆ ಮಾಡಿ ನಿಂತಳು.

ಚೀಲ ಹಿಡಿದು ತಿರುಗಿ ಮಹಡಿಯತ್ತ ನೋಡಿದಳು. ಕಿಟಕಿಯಲ್ಲಿ ಅಣ್ಣ ನಿಂತಿದ್ದ. ಹಿಂದೆ ಅಷ್ಟೂ ದೀಪಗಳು ಉರಿಯುತ್ತಿದ್ದವು. ಅವನು ಒಂದನ್ನೂ ಆರಿಸಿರಲಿಲ್ಲ.