ಘಾಟ್ಕೋಪರಿನ ಸೀಟು
ಮುಂಬಯಿಯ ನಮ್ಮ ಲೋಕಲ್ ರೈಲಿನ ಸತ್ಯಮೂರ್ತಿಗಳು ಪ್ರಯೋಗಾಲಯದಿಂದ ಎಷ್ಟೇ ದಣಿದು ಬಂದರೂ ಆರ್ಗಾನ್ ಪುರಾಣ ಬಿಡುವುದಿಲ್ಲ. "ಯಾರ ಜೊತೆಗೂ ಸೇರದ ಅನಿಲ ಕಣ್ರೀ, ತಣ್ಣಗಾದರೆ ಮಾತ್ರ ಪರಮಾಣುಗಳು ಗುಂಪು ಕಟ್ತವೆ. ಒಂದಕ್ಕೆ ಸಿಕ್ಕ ಶಕ್ತಿಯನ್ನ ಪಕ್ಕದ್ದಕ್ಕೆ ದಾಟಿಸ್ತವೆ. ಕೊನೆಗೆ ಗುಂಪಿನೊಳಗೆ ಸೇರಿಕೊಂಡ ಒಂದು ಕ್ಸೆನಾನ್ ಪರಮಾಣು ಅದನ್ನ ಹಿಡಿದು ಬೆಳಗುತ್ತೆ!" "ಆ ಬೆಳಕ ನೀವು ನೋಡೀರೇನ್ರೀ ಸರ?" ಎಂದು ಗಾರೆ ಕೆಲಸದ ನಿಂಗಣ್ಣ ದಿನವೂ ಕೇಳುತ್ತಾನೆ. "ಮೊದಲು ನಮ್ಮ ಲ್ಯಾಬಿನ ಪಂಪು ರಿಪೇರಿಯಾಗಲಿ" ಎನ್ನುವುದು ವರ್ಷಗಳಿಂದ ಅವರ ಉತ್ತರ. ಘಾಟ್ಕೋಪರ್ ಸ್ಟೇಷನ್ ಬಂದಾಗ ಕೂತವರು ಎದ್ದು, ಅಲ್ಲಿಯವರೆಗೆ ನಿಂತಿದ್ದವರಿಗೆ ಸೀಟು ಬಿಡುವುದು ನಮ್ಮ ಗುಂಪಿನ ಪದ್ಧತಿ. ತಮಗೆ ಬಂದ ಸೀಟನ್ನು ಸತ್ಯಮೂರ್ತಿಗಳು ನಿಂಗಣ್ಣನಿಗೆ ದಾಟಿಸುತ್ತಾರೆ. ಅವನು ಕೂತೊಡನೆ ನಿದ್ದೆಹೋಗುತ್ತಾನೆ. ಸಿಮೆಂಟು ಮೆತ್ತಿದ ಆ ಮುಖ ಸಡಿಲವಾಗುವವರೆಗೆ ದಿಟ್ಟಿಸಿ ನಿಂತ ಸತ್ಯಮೂರ್ತಿಗಳು, ಪಕ್ಕದ ನನಗಷ್ಟೇ ಕೇಳುವಂತೆ, "ಕ್ಸೆನಾನ್‌ಗೆ ತಲುಪ್ತು" ಅನ್ನುತ್ತಾರೆ.