ದಬ್ಬುಗಾರನೆಂಬ ಹೊಸ ಕಾಯಿ

ಚದುರಂಗದಲ್ಲಿ ಸೋಲುವುದು ನನಗೆ ಕಷ್ಟವಲ್ಲ, ಅಭ್ಯಾಸವಿದೆ. ಸೋಲಿಸಿದವರ ಮನೆಯಲ್ಲೇ ಊಟಕ್ಕೆ ಕೂರುವುದು ಕಷ್ಟ. ಭಾನುವಾರ ಬಂತೆಂದರೆ ಹೆಂಡತಿ ಶಾಲಿನಿಯೊಂದಿಗೆ ಠಾಕುರ್ಲಿಯಿಂದ ಲೋಕಲ್ ಗಾಡಿ ಹಿಡಿದು ಸೀವುಡ್ಸ್‌ನ ಮಾವನ ಮನೆಗೆ ಹೋಗುತ್ತೇನೆ. ಮಾವ ಉಡುಪಿಯವರು, ಹೋಟೆಲು ನಡೆಸಿ ಈಗ ವಿಶ್ರಾಂತಿಯಲ್ಲಿರುವವರು. ನಾನು ವಿಜಯಪುರದವನು, ಬೇಲಾಪುರದ ಕಚೇರಿಯೊಂದರಲ್ಲಿ ಗುಮಾಸ್ತ. ಮನೆಮಂದಿಯೆಲ್ಲ ತುಳುವಿನಲ್ಲಿ ಏನೋ ಹೇಳಿ ನಕ್ಕರೆ ನಾನೂ ಒಂದು ಗಳಿಗೆ ತಡವಾಗಿ ನಗುತ್ತೇನೆ. ನಮ್ಮ ಮದುವೆಗೆ ಮಾವ ಒಪ್ಪಿದ್ದು ಒಲ್ಲದ ಮನಸ್ಸಿನಿಂದ. ಅಂದಿನಿಂದ ಅವರು ನನ್ನೊಂದಿಗೆ ಆಡುವುದು ಚದುರಂಗ ಮಾತ್ರ. ಆಡುವ ಮಾತು ‘ಚೆಕ್’ ಒಂದೇ.

ಹಳೆಯ ಕಾಲದಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದನಂತೆ. ಅವನಿಗೆ ಈಗಿನ ಬಲ ತುಂಬಿದವನು ನನ್ನ ಹಾಗೆ ಸೋತು ಸುಣ್ಣವಾದವನೇ ಇರಬೇಕು. ಆಟ ಗೆಲ್ಲಲಾಗದವನು ಆಟವನ್ನೇ ಬದಲಿಸಬೇಕು ಎಂಬ ಜ್ಞಾನೋದಯ ನನಗಾದದ್ದು ದಾರಿಯಲ್ಲಿ ಗಾಡಿ ಬದಲಿಸುವ ಠಾಣೆ ಸ್ಟೇಷನ್ನಿನಲ್ಲಿ. ಅಲ್ಲಿ ನಾನಾಗಿ ಎಂದೂ ಗಾಡಿ ಹತ್ತಿದವನಲ್ಲ. ಹಿಂದಿನವರು ದಬ್ಬುತ್ತಾರೆ, ನಾನು ಒಳಗಿರುತ್ತೇನೆ.

ಹೀಗೆ ‘ದಬ್ಬುಗಾರ’ ಹುಟ್ಟಿದ. ಎರಡೂ ಕಡೆ ರಾಜನ ಮುಂದಿನ ಕಾಲಾಳನ್ನು ತೆಗೆದು ಅಲ್ಲಿ ಒಂದು ಬಾಟಲಿ ಮುಚ್ಚಳ ಇಟ್ಟರಾಯಿತು. ಅವನು ಯಾವ ದಿಕ್ಕಿಗಾದರೂ ಒಂದು ಮನೆ ನಡೆಯುತ್ತಾನೆ. ಯಾರನ್ನೂ ಕೊಲ್ಲುವುದಿಲ್ಲ, ಪಕ್ಕದ ಕಾಯಿಯನ್ನು ಆಚೆಯ ಮನೆಗೆ ದಬ್ಬುತ್ತಾನೆ, ಅಂಚಿನಲ್ಲಿದ್ದರೆ ಹಾಸಿನಿಂದಲೇ ಹೊರಗೆ.

ಮುಂದಿನ ಭಾನುವಾರ ಮಾವ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿ, “ಆಗಲಿ” ಎಂದರು. ನಾನು ಅವರ ಕುದುರೆಯನ್ನು ಮೂಲೆಗೆ ದಬ್ಬುವ ಹುಮ್ಮಸ್ಸಿನಲ್ಲಿದ್ದೆ. ಅವರ ದಬ್ಬುಗಾರ ಸದ್ದಿಲ್ಲದೆ ಅಂಚಿನಲ್ಲಿದ್ದ ನನ್ನ ರಾಜನ ಎದುರಿಗೆ ಬಂದು ನಿಂತ. ಕೊಲ್ಲದವನು ಏನು ಮಾಡಿಯಾನು ಎಂದು ನಾನು ಸುಮ್ಮನಿದ್ದೆ. ಮಾವ ಒಂದೇ ಬೆರಳಿನಿಂದ ನನ್ನ ರಾಜನನ್ನು ಹಾಸಿನಾಚೆ ನೂಕಿದರು.

“ಹಂಗ ರಾಜನ್ನ ದಬ್ಬಾಕ ಬರಂಗಿಲ್ರೀ ಮಾವಾರ!”

“ಹಾಗಂತ ನೀವು ಎಲ್ಲಿ ಹೇಳಿದ್ರಿ ಮಾರಾಯ್ರೇ?”

ಎಲ್ಲಿಯೂ ಹೇಳಿರಲಿಲ್ಲ. ಅಡುಗೆಮನೆಯಿಂದ ಬಂದ ಶಾಲಿನಿ ನೆಲದ ಮೇಲಿದ್ದ ರಾಜನನ್ನು ನೋಡಿ ಕೈಯಲ್ಲಿದ್ದ ಸೌಟಿನೊಂದಿಗೆ ಅಲ್ಲೇ ಕುಸಿದು ಕೂತು ನಕ್ಕಳು. ಅವಳ ಅಪ್ಪನೂ ನಕ್ಕರು. ಈ ಬಾರಿ ಅರ್ಥವಾಗಿದ್ದರಿಂದ ನಾನೂ ಸರಿಯಾದ ಸಮಯಕ್ಕೆ ನಕ್ಕೆ.

ಬುಧವಾರ ಕಚೇರಿಯಲ್ಲಿದ್ದಾಗ ಮಾವನ ಫೋನು ಬಂತು. ಅವರು ಎಂದೂ ನನಗೆ ಫೋನ್ ಮಾಡಿದವರಲ್ಲ, ಎದ್ದು ನಿಂತೇ ಎತ್ತಿಕೊಂಡೆ.

“ನಮ್ಮದೇ ಕಾಯಿಯನ್ನು ನಾವು ದಬ್ಬಬಹುದಾ?”

“ದಬ್ಬಬಹುದ್ರೀ.”

“ಹಾಗಾದ್ರೆ ಚೆಕ್ ಬಂದಾಗ ರಾಜನನ್ನು ನಾವೇ ದಬ್ಬಿ ಉಳಿಸಿಕೊಳ್ಳಬಹುದಲ್ಲ!”

ನಾನು ಒಪ್ಪಲಿಲ್ಲ. ಅವರು ಬಿಡಲಿಲ್ಲ. “ದಬ್ರಿ ಮಾವಾರ, ಆದ್ರ ಓರೆ ದಬ್ಬಬ್ಯಾಡ್ರಿ” ಎಂದು ನಾನು ಕೂಗುತ್ತಿದ್ದರೆ ಕಚೇರಿಯವರು ಇದು ಆಸ್ತಿಯ ಜಗಳವೆಂದೇ ತಿಳಿದರು. ಕೊನೆಗೆ ಮಾವ, “ಊಟ ಆಯಿತಾ?” ಎಂದು ಕೇಳಿದರು. ಆಗಿತ್ತು. ಆದರೂ ಆಗಿಲ್ಲವೆಂದೆ, ಇನ್ನೊಂದಿಷ್ಟು ಬೈಸಿಕೊಳ್ಳುವ ಆಸೆಗೆ.

ಹೊಸ ಆಟದಲ್ಲೂ ನಾನು ಸೋಲುತ್ತಲೇ ಇದ್ದೇನೆ. ಈಗ ಮಾವ ಪ್ರತಿಯೊಂದು ನಡೆಗೂ ಜಗಳ ತೆಗೆಯುತ್ತಾರೆ, ಆವೇಶ ಬಂದಾಗ ತುಳುವಿನಲ್ಲೇ ಬೈಯುತ್ತಾರೆ. ಆ ಭಾಷೆಯಲ್ಲಿ ನನಗೆ ಮೊದಲು ಬಂದದ್ದು ಬೈಗುಳವೇ. ಹೊರಗಿನವರಿಗೆ ಯಾರೂ ಅಷ್ಟು ಮನಸ್ಸಿಟ್ಟು ಬೈಯುವುದಿಲ್ಲ.