ಲೆಸ್ಟರ್‌ನಲ್ಲಿ ಕುಡಿದ ಸಕ್ಕರೆ ನೀರು

...ಅದು ಕಿತ್ತಳೆ ಬಣ್ಣದ್ದೇ ಇರಬೇಕು. ಇಲ್ಲ, ಬಣ್ಣವನ್ನು ಆಮೇಲೆ ನಾನೇ ಹಚ್ಚಿರಲೂಬಹುದು. ಸಿಹಿ ಮಾತ್ರ ನಿಜ. ಬರಿಹೊಟ್ಟೆಯಲ್ಲಿ ಒಂದು ಲೋಟ ಸಕ್ಕರೆ ನೀರು ಕುಡಿಸಿ, ಏಳದೆ ಕೂತಿರು ಎಂದರು. ನಾನಾಗ ಆರು ತಿಂಗಳ ಬಸುರಿ. ವೃದ್ಧರ ಮನೆಯೊಂದರಲ್ಲಿ ನರ್ಸ್ ಕೆಲಸಕ್ಕೆಂದು ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಇನ್ನೂ ವರ್ಷವಾಗಿರಲಿಲ್ಲ.

"ನಿನ್ನ ಅಪ್ಪ ಅಮ್ಮ ಎಲ್ಲಿಯವರು, ಡಕ್?" ಎಂದು ಮಿಡ್‌ವೈಫ್ ಕೇಳಿದ್ದಳು. ಮಿಡ್‌ವೈಫ್ ಎಂದರೆ ಓದಿ ಸಂಬಳ ಪಡೆಯುವ ಸೂಲಗಿತ್ತಿ. ಡಕ್ ಎಂದರೆ ಬಾತುಕೋಳಿ. ಈ ಊರಿನವರ ಬಾಯಲ್ಲಿ ಅದು ನಮ್ಮ 'ಕಣಮ್ಮ' ಇದ್ದ ಹಾಗೆ. ಅರಸೀಕೆರೆ ಹತ್ತಿರದ ಗಂಡಸಿ ಎಂದೆ. ಅವಳಿಗೆ ಇಂಡಿಯಾ ಎಂಬುದಷ್ಟೇ ಸಾಕಿತ್ತು.

"ನಿಮ್ಮ ಕಡೆಯ ಹೆಂಗಸರಿಗೆ ಬಸಿರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು. ತೆಳ್ಳಗಿದ್ದರೂ ಬರುತ್ತದೆ."

ನನ್ನಷ್ಟೇ ತಿಂಗಳಾಗಿದ್ದ, ನನ್ನಷ್ಟೇ ತೆಳ್ಳಗಿದ್ದ ಬಿಳಿಯ ಹೆಂಗಸೊಬ್ಬಳು ಬಿ.ಪಿ. ಮಾತ್ರ ನೋಡಿಸಿಕೊಂಡು ಮನೆಗೆ ಹೋದಳು. ಗಂಡಸಿಯಲ್ಲಿ ಯಾವ ಕೇರಿಯೆಂದು ಕೇಳಿಕೊಂಡು ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಇಲ್ಲಿ ಜನಾಂಗ ಕೇಳಿಕೊಂಡು ಲೋಟವನ್ನೇ ಕೈಗೆ ಕೊಟ್ಟರು. ಸಿಟ್ಟಾಗಬೇಕೋ ಬೇಡವೋ ತಿಳಿಯದೆ ಕುಡಿದೆ.

ಎರಡು ಗಂಟೆ ಕಳೆದ ಮೇಲೆ ರಕ್ತ ತೆಗೆದು ನೋಡಿದರು. ಸಕ್ಕರೆ ಇತ್ತು. ಅನ್ನ ಕಡಿಮೆ ಮಾಡಿಸಿದರು, ದಿನಾ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿಕೊಳ್ಳಲು ಹೇಳಿದರು. ಹತೋಟಿ ತಪ್ಪಿದರೆ ಕೂಸು ವಿಪರೀತ ಬೆಳೆಯುತ್ತದೆ, ಕೆಲವೊಮ್ಮೆ ಹೊಟ್ಟೆಯಲ್ಲೇ ಸಾಯುತ್ತದೆ ಎಂದಳು ಮಿಡ್‌ವೈಫ್. ಆಗ ಅಕ್ಕ ನೆನಪಾದಳು.

ಬಾಣಾವರಕ್ಕೆ ಕೊಟ್ಟಿದ್ದ ಅಕ್ಕನಿಗೆ ಗಂಡು ಕೂಸು ಸತ್ತೇ ಹುಟ್ಟಿತ್ತು. "ಮೂರು ತಿಂಗಳ ಮಗೀನಂಗೈತಲ್ಲೇ!" ಎಂದು ಹೆಂಗಸರು ಬೆರಗಾದದ್ದು ಈಗಲೂ ಕಿವಿಯಲ್ಲಿದೆ; ಆದರೆ ಆ ಕೋಣೆಯಲ್ಲಿ ನಾನಿದ್ದೆನೇ? ಅವಳ ಅತ್ತೆಯ ಮಾತು ಮಾತ್ರ ಬೀದಿಗೇ ಕೇಳಿತ್ತು: "ಇವಳ ಹೊಟ್ಟೇನೇ ಮಸಣ ಕಣ್ರೀ." ಅಕ್ಕ ತವರಿಗೆ ಬಂದಳು. ಕರೆದೊಯ್ಯಲು ಯಾರೂ ಬರಲಿಲ್ಲ.

ಫೋನ್ ಮಾಡಿದೆ. "ಅಕ್ಕ, ಅದು ಸಕ್ಕರೆ ಕಾಯಿಲೆ ಇರಬಹುದು. ನಿನ್ನ ತಪ್ಪಲ್ಲ."



"ಹಂಗಾದ್ರೆ ನಾನು ತಿಂದಿದ್ಕೇ ಹೋಯ್ತಾ?"

"ಹಂಗಲ್ಲ ಕಣಕ್ಕ. ಯಾರೂ ನಿನ್ನ ರಕ್ತ ನೋಡ್ಲಿಲ್ಲ."

"ಯಾರು ನೋಡ್ತಾರೆ? ನರ್ಸಮ್ಮ ನಮ್ಮನೇಗೆ ಬತ್ತಿದ್ದಿದ್ದೇ ಜಗಲಿ ಗಂಟ. ನಿನ್ನೇನು, ದೊರೆಸಾನಿ ನೋಡ್ಕೊಂತಾಳೆ." ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಅವ್ವಂಗೆ ಹೇಳ್ಬೇಡ ಕಣೇ. ಬಯಕೆ ಅಂತ ದಿನಾ ಕೊಬ್ರಿ ಬೆಲ್ಲ ತಿನ್ಸಿದ್ದು ಅವ್ಳೇ."

ನನ್ನ ಮಗಳು ಸುಖವಾಗಿ ಹುಟ್ಟಿದಳು. ಊರಿಗೆ ಹೋದಾಗಲೆಲ್ಲ ಅವ್ವ ತಟ್ಟೆಗೆ ಕೊಬ್ಬರಿ ಬೆಲ್ಲ ಇಡುತ್ತಾಳೆ. ಅಕ್ಕ ನನ್ನ ಮುಖವನ್ನೇ ನೋಡುತ್ತಾಳೆ. ನಾನು ತಿನ್ನುತ್ತೇನೆ. ಲೆಸ್ಟರ್‌ಗೆ ಮರಳಿ, ಸಕ್ಕರೆ ಮತ್ತೆ ಬಂತೇನೋ ಎಂದು ಬೆರಳು ಚುಚ್ಚಿಕೊಳ್ಳುತ್ತೇನೆ.

ಅಕ್ಕನ ಕೂಸು ಯಾತರಿಂದ ಸತ್ತಿತೆಂದು ನನಗೆ ಗೊತ್ತಿಲ್ಲ.